ದಾಂಡೇಲಿಯ ನಾಟಾ, ಮದ್ರಾಸಿನ ಕಡತ

ದಾಂಡೇಲಿ ಅಂದ ತಕ್ಷಣ ನಮ್ಮಂಥ ಐಟಿ ಜನಕ್ಕೆ ನೆನಪಾಗೋದು ಟೀಮ್ ಔಟಿಂಗು, ಕಾಳಿ ನದಿಯ ರಾಫ್ಟಿಂಗು. ಆದ್ರೆ ಆ ಊರು ಬೆಳೆದದ್ದು ನಾಟಾದಿಂದ, ಅಂದ್ರೆ ಕಾಡಿನಿಂದ ಕಡಿದು ತಂದ ಮರದಿಂದ. ಆ ಕತೆಯ ಆರಂಭ ನಾನೀಗ ವಾಸ ಇರೋ ಮೈಲಾಪೂರ್‌ನಿಂದ ದೂರವಿಲ್ಲ.

ಉತ್ತರ ಕನ್ನಡ 1862ರವರೆಗೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಆಮೇಲೆ ಬಾಂಬೆಗೆ ಸೇರ್ತು. 1856ರಲ್ಲಿ ಮದ್ರಾಸಿನ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದವನು ಹ್ಯೂ ಕ್ಲೆಗ್‌ಹಾರ್ನ್. ಇಲ್ಲೇ ಕತೀಡ್ರಲ್ ರೋಡಿನ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಗೂ ಅವನು ಕಾರ್ಯದರ್ಶಿಯಾಗಿದ್ದ. ಹಡಗಿಗೆ ತೇಗ ಬೇಕು, ರೈಲು ಹಳಿಗಳ ಕೆಳಗೆ ಹಾಸೋಕೆ ಮರ ಬೇಕು. ಅಡ್ಡಿಯಾಗಿ ಕಂಡಿದ್ದು ಕುಮರಿ. ಕಾಡಿನ ಒಂದು ತುಂಡು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು, ಮತ್ತೆ ಕಾಡಿಗೇ ಬಿಟ್ಟು ಮುಂದೆ ಹೋಗೋ ಬೇಸಾಯ ಅದು. ಕುಮರಿ ಕಾಡನ್ನ ಹಾಳುಮಾಡುತ್ತೆ ಅಂತ ಕ್ಲೆಗ್‌ಹಾರ್ನ್ ಬರೆದ. 1860ರಲ್ಲಿ ಸರ್ಕಾರಿ ಕಾಡಲ್ಲಿ ಅನುಮತಿಯಿಲ್ಲದ ಕುಮರಿಗೆ ನಿಷೇಧ ಬಂತು.

ಅಲ್ಲಿಂದ ಮುಂದೆ ಕಡಿಯೋ ಹಕ್ಕು ಸರ್ಕಾರದ್ದು, ಕೂಲಿ ಕಾಡಿನ ಜನರದ್ದು. ಅಳ್ನಾವರದಿಂದ ದಾಂಡೇಲಿಗೆ ರೈಲು ಬಂದಿದ್ದೇ ಮರ ಸಾಗಿಸೋಕೆ. 1956ರಲ್ಲಿ ವನ್ಯಧಾಮ ಘೋಷಣೆಯಾಯ್ತು. 1959ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಉತ್ಪಾದನೆ ಶುರುಮಾಡ್ತು, ಸುತ್ತಲ ಕಾಡಿನ ಬಿದಿರು ಅಲ್ಲಿಗೆ ಹೋಯ್ತು. ಒಂದು ಕೈ ಕಾಪಾಡ್ತಿತ್ತು, ಇನ್ನೊಂದು ಕೈ ಕಡೀತಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಡಿತ ಇಳೀತಾ ಬಂತು, ಅದರ ಜೊತೆ ಕೂಲಿಯೂ. 2007ರಲ್ಲಿ ಹುಲಿ ಮೀಸಲು ಪ್ರದೇಶ ಆಯ್ತು. ಈಗ ಒಳಗಿನ ಹಳ್ಳಿಗಳಿಗೆ ಪರಿಹಾರ ತಗೊಂಡು ಹೊರಗೆ ಬನ್ನಿ ಅಂತಾರೆ.

ಇಲ್ಲಿ ಸ್ವಲ್ಪ ನಿಧಾನಿಸೋಣ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಕಾಡಲ್ಲಿ ಇದ್ದದ್ದು ತೋರಿಸಿದ್ರೆ ಸಾಕು. ಉಳಿದವರು ಮೂರು ತಲೆಮಾರು, ಅಂದ್ರೆ 75 ವರ್ಷ ತೋರಿಸ್ಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದ್ರು. ಜೋಯಿಡಾದ ಕುಣಬಿಗಳು ವರ್ಷಗಟ್ಟಲೆ ಕೇಳ್ತಾನೇ ಬಂದಿದ್ದಾರೆ. ಕುಮರಿ ಮಾಡ್ತಿದ್ದ ಸಮುದಾಯಕ್ಕೆ ಹಳೇ ಪಹಣಿ ಎಲ್ಲಿಂದ ಬರಬೇಕು, ಹೇಳಿ?

ಆದ್ರೆ ಅದೇ ಕಾಯ್ದೆಯ ನಿಯಮಗಳು ಗೆಜೆಟಿಯರ್, ಅರಣ್ಯ ವರದಿ, ಸರ್ಕಾರಿ ದಾಖಲೆಗಳನ್ನೂ ಸಾಕ್ಷಿ ಅಂತ ಒಪ್ಪುತ್ತವೆ. ಕುಮರಿಯವರನ್ನ ದೂರಿ ಕ್ಲೆಗ್‌ಹಾರ್ನ್ 1861ರಲ್ಲಿ ಪುಸ್ತಕ ಅಚ್ಚುಮಾಡಿಸಿದ್ದಾನೆ. ಮದ್ರಾಸ್ ಸರ್ಕಾರದ ಆ ಕಾಲದ ಕಡತಗಳು ಎಗ್ಮೋರ್‌ನ ತಮಿಳುನಾಡು ದಾಖಲಾಗಾರದಲ್ಲಿವೆ. ಒಂದೊಂದು ಮನೆಯ ಹೆಸರು ಅಲ್ಲಿ ಸಿಗಲಿಕ್ಕಿಲ್ಲ. ಆದ್ರೆ ಜನರನ್ನ ಕಾಡಿಂದ ದೂರ ಇಡೋಕೆ ಬರೆದ ಕಾಗದವೇ, ಅವರು ಆಗಲೇ ಅಲ್ಲಿದ್ರು ಅನ್ನೋದಕ್ಕೆ ಸಾಕ್ಷಿ.

ಕನ್ನಡ, ಇಂಗ್ಲಿಷ್ ಎರಡೂ ಓದೋಕೆ ಬರೋ ನಾವು ಚೆನ್ನೈಯಲ್ಲಿ ಸಾವಿರಾರು ಜನ ಇದ್ದೀವಿ. ಎಗ್ಮೋರ್‌ಗೆ ಇಲ್ಲಿಂದ ಆಟೋ ಸಿಗುತ್ತೆ. ಜೋಯಿಡಾದವರಿಗೆ ಅದು ಎರಡು ದಿನದ ಕೂಲಿ ಬಿಟ್ಟು ಮಾಡೋ ಪಯಣ.