ಇಂಗ್ಲಿಷ್ ಸಮಾಸ ವಿಶೇಷಣಗಳ ಅರ್ಥ: ಪದಾಂತ್ಯದ ಚರಿತ್ರೆ

‘ಸೀಸಿಕ್’ ಎಂದರೆ ಕಡಲ ಪ್ರಯಾಣದಿಂದ ವಾಕರಿಕೆ ಹಿಡಿದವನು. ‘ಹೋಮ್‌ಸಿಕ್’ ಎಂದರೆ ಮನೆಗಾಗಿ ಹಂಬಲಿಸುವವನು. ಉತ್ತರಪದ ಒಂದೇ ಆದರೂ ವಿಗ್ರಹವಾಕ್ಯದಲ್ಲಿ ಒಂದಕ್ಕೆ ತೃತೀಯೆ, ಇನ್ನೊಂದಕ್ಕೆ ಚತುರ್ಥಿ ಬೇಕು. ಇಂಥ ಸಮಾಸಗಳನ್ನು ವಿಂಗಡಿಸುವ ಪರಿಭಾಷೆಯನ್ನು ಯುರೋಪಿನ ಭಾಷಾಶಾಸ್ತ್ರಜ್ಞರು 19ನೇ ಶತಮಾನದಲ್ಲಿ ಸಂಸ್ಕೃತ ವ್ಯಾಕರಣದಿಂದ ಪಡೆದರು. ‘ಬಹುವ್ರೀಹಿ’ ಎಂಬ ಮಾತು ಬ್ಲೂಮ್‌ಫೀಲ್ಡ್‌ನ 1933ರ ‘ಲ್ಯಾಂಗ್ವೇಜ್’ ಗ್ರಂಥದಲ್ಲೂ ಹಾಗೆಯೇ ಉಳಿದಿದೆ. ಆದರೆ ವಿಭಕ್ತಿ ಹಚ್ಚಿದ ಮಾತ್ರಕ್ಕೆ ಅರ್ಥ ಪೂರ್ತಿ ಬಿಡುವುದಿಲ್ಲ. ಪದದ ಕೊನೆಯ ಭಾಗ ಹಿಂದೆ ಯಾವ ಕೆಲಸ ಮಾಡುತ್ತಿತ್ತು ಎಂಬುದನ್ನೂ ಕೆದಕಬೇಕಾಗುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ‘ಬೇರ್‌ಫುಟ್’ ಪದದ ಪೂರ್ವಜ ಯಾವ ಪ್ರತ್ಯಯವೂ ಇಲ್ಲದ ಶುದ್ಧ ಬಹುವ್ರೀಹಿ: ಬರಿಯವಾದ ಕಾಲು ಯಾರಿಗೋ ಅವನು. ಆ ಕಾಲಕ್ಕೇ ‘ಉಳ್ಳ’ ಎಂಬರ್ಥದ ಪ್ರತ್ಯಯ ಹಚ್ಚುವ ರೂಢಿಯೂ ಇತ್ತು. ಮುಂದೆ ಅದೇ ಗೆದ್ದಿತು. ‘ಬ್ಲೂ-ಐಡ್’ ಪದದ ಕೊನೆಯ ‘ಡ್’ ಭೂತಕಾಲದ ಗುರುತಲ್ಲ, ಈ ‘ಉಳ್ಳ’ದ ಉಳಿಕೆ. ನಾಮಪದಕ್ಕೆ ಹೀಗೆ ಬಾಲ ಕಟ್ಟುವುದು ಎಲ್ಲರಿಗೂ ಹಿಡಿಸಲಿಲ್ಲ. 1832ರಲ್ಲಿ ಕೋಲ್‌ರಿಜ್ ‘ಟ್ಯಾಲೆಂಟೆಡ್’ ಎಂಬ ಪದವನ್ನು ಅನಾಗರಿಕವೆಂದು ಹಳಿದ. ಹೀಗೇ ಆದರೆ ಶಿಲಿಂಗಿಗೂ ಅದೇ ಪ್ರತ್ಯಯ ಹಚ್ಚಬಹುದಲ್ಲ ಎಂದು ಗೇಲಿ ಮಾಡಿದ. ಪದ ಮಾತ್ರ ಅವನ ಮಾತು ಕೇಳಲಿಲ್ಲ. ಇಲ್ಲೊಂದು ಸೂಕ್ಷ್ಮವಿದೆ: ಗಡ್ಡವುಳ್ಳವನನ್ನು ‘ಬಿಯರ್ಡೆಡ್’ ಎನ್ನಬಹುದು, ಕಾಲುಳ್ಳವನನ್ನು ಬರಿದೇ ‘ಲೆಗ್ಡ್’ ಎಂದರೆ ನಗು ಬರುತ್ತದೆ. ಕಾಲು ಎಲ್ಲರಿಗೂ ಇರುವಂಥದ್ದು. ಆದ್ದರಿಂದ ‘ಲಾಂಗ್’ ಎಂಬ ಪೂರ್ವಪದ ಸೇರಿದರಷ್ಟೇ ಹೇಳಲು ಏನಾದರೂ ಸಿಗುತ್ತದೆ.

‘ಫ್ರೀ’ ಪದದ ಕತೆ ಚಿಕ್ಕದು. ‘ಸ್ಕಾಟ್-ಫ್ರೀ’ ಎಂಬುದರಲ್ಲಿ ‘ಸ್ಕಾಟ್’ ಎಂದರೆ ಕಂದಾಯ. ಹಳೆಯ ಇಂಗ್ಲಿಷಿನ ರಾಜಶಾಸನದ ಭಾಷೆಯಲ್ಲಿ ಅದು ಕರಮುಕ್ತ ಭೂಮಿಗೆ ಸಲ್ಲುತ್ತಿತ್ತು. ಹೊರೆಯಿಂದ ಬಿಡುಗಡೆ ಎಂಬ ಆ ಛಾಯೆ ಇಂದಿಗೂ ಅಳಿದಿಲ್ಲ. ‘ಚೈಲ್ಡ್‌ಲೆಸ್’ ಎಂದರೆ ಮಕ್ಕಳಿಲ್ಲದವರು, ‘ಚೈಲ್ಡ್-ಫ್ರೀ’ ಎಂದರೆ ಮಕ್ಕಳು ಬೇಡವೆಂದವರು. ವಿಭಕ್ತಿಯ ಲೆಕ್ಕದಲ್ಲಿ ಈ ಅಂತರ ಕಾಣುವುದೇ ಇಲ್ಲ.

ಎಲ್ಲಕ್ಕಿಂತ ದೂರ ಅಲೆದದ್ದು ‘ಪ್ರೂಫ್’. ಅದರ ಮೂಲಾರ್ಥ ಪರೀಕ್ಷೆ. ಕವಚ ಮಾಡುವವರು ಎದೆಕವಚಕ್ಕೆ ಗುಂಡು ಹೊಡೆದು ನೋಡುತ್ತಿದ್ದರು. ತಗ್ಗು ಬಿದ್ದು ತೂತಾಗದೆ ಉಳಿದರೆ ಆ ತಗ್ಗೇ ಸಾಕ್ಷಿ. ಶೇಕ್ಸ್‌ಪಿಯರ್ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ‘ಶೇಮ್-ಪ್ರೂಫ್’ ಎಂದು ಬಳಸುವ ಹೊತ್ತಿಗೆ ಲೋಹದ ಗುಣ ಮನುಷ್ಯನಿಗೂ ಅಂಟಿತ್ತು: ನಾಚಿಕೆ ತಟ್ಟದವರು. ಮುಂದೆ ‘ವಾಟರ್‌ಪ್ರೂಫ್’ ಬಂದಾಗ ಪರೀಕ್ಷೆಯ ನೆನಪು ಹೋಗಿ, ಒಳಕ್ಕೆ ಬಿಡದಿರುವುದಷ್ಟೇ ಉಳಿಯಿತು. ‘ಅವನ್‌ಪ್ರೂಫ್’ ಪಾತ್ರೆಯಾದರೋ ಒಲೆಯನ್ನು ತಡೆಯುವುದಿಲ್ಲ, ಅದರೊಳಗೇ ಕೂತು ಕಾವು ತಾಳುತ್ತದೆ. ‘ಫೂಲ್‌ಪ್ರೂಫ್’ ಎಂದರೆ ದಡ್ಡನ ಕೈಗೆ ಸಿಕ್ಕರೂ ಕೆಡದ್ದು. ಕೋಶಕಾರ ಇವೆಲ್ಲಕ್ಕೂ ಒಂದೇ ಅರ್ಥ ಕೊಟ್ಟು ಮುಗಿಸಿದರೆ ಓದುಗನಿಗೆ ಅನ್ಯಾಯವಾದೀತು.

‘ಚೈಲ್ಡ್‌ಪ್ರೂಫ್’ ಎಂಬ ಔಷಧ ಡಬ್ಬಿಯ ವಿಷಯದಲ್ಲಿ ಈ ಸಡಿಲು ಕಾನೂನಿನವರೆಗೂ ಹೋಯಿತು. ಮಕ್ಕಳು ವಿಷವಸ್ತು ನುಂಗುವುದನ್ನು ತಪ್ಪಿಸಲು ಅಮೆರಿಕ 1970ರಲ್ಲಿ ಮಾಡಿದ ಶಾಸನ, ಇಂಥ ಡಬ್ಬಿ ಐದು ವರ್ಷದೊಳಗಿನ ಮಕ್ಕಳಿಗೆ ತೆರೆಯಲು ಸಾಕಷ್ಟು ಕಷ್ಟವಾಗಿದ್ದರೆ ಸಾಕು, ಯಾವ ಮಗುವೂ ತೆರೆಯಲಾರದು ಎಂದೇನೂ ಅರ್ಥವಲ್ಲ ಎಂದು ಬಿಡಿಸಿ ಹೇಳಿತು. ಅಲ್ಲಿನ ನಿಯಮಾವಳಿಗಳಲ್ಲಿ ಈಗ ನೆಲೆನಿಂತಿರುವ ಪದ ‘ಚೈಲ್ಡ್-ರೆಸಿಸ್ಟೆಂಟ್’.