ಧಾತು ಈಶ್ವರದ ಬರ

ಹಿರಿಯರ ಬಾಯಲ್ಲಿ ‘ಧಾತು ಈಶ್ವರದ ಬರ’ ಎಂಬ ಮಾತು ಕೇಳಿರಬಹುದು. ಅವು ಎರಡು ಸಂವತ್ಸರಗಳ ಹೆಸರು. 1876ರಿಂದ 1878ರ ಕಾಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನ 1881ಕ್ಕೆ 42 ಲಕ್ಷಕ್ಕೆ ಇಳಿದರು. ಮಳೆ ಕೈಕೊಟ್ಟದ್ದು ಎಲ್ಲರಿಗೂ. ಸಾವು ಮಾತ್ರ ಹಾಗಲ್ಲ ನೋಡಿ. ಹಗೇವಿನಲ್ಲಿ ರಾಗಿ ಇದ್ದವರು ಹೇಗೋ ಜೀವ ಹಿಡಿದರು. ಕೂಲಿಯವನಿಗೆ ಹೊಲದ ಕೆಲಸವೂ ಇಲ್ಲ, ಕಾಳಿನ ಬೆಲೆಯೋ ಆಕಾಶಕ್ಕೆ. ನೇಕಾರನ ಬಟ್ಟೆ ಕೇಳುವವರಿಲ್ಲ. ಮೊದಲು ಊರು ಬಿಟ್ಟವರು ಇಂಥವರೇ.

ದೈವದ ಮುನಿಸು ಅಂತ ಅಂದಿನ ಜನ ನಂಬಿದ್ದರು. 1877ರಲ್ಲಿ ಪೆಸಿಫಿಕ್ ಸಾಗರದ ನೀರು ಅತಿಯಾಗಿ ಕಾದು ಮುಂಗಾರು ಕೆಟ್ಟಿತೆಂದು ಈಗ ಗೊತ್ತಾಗಿದೆ. ಅದೇ ಎಲ್ ನಿನೊ. 2023ರಲ್ಲೂ ಅದು ಬಂತು, ನಮ್ಮ 223 ತಾಲ್ಲೂಕು ಬರಪೀಡಿತವಾದವು. ಪಡಿತರದ ಅಕ್ಕಿ ಇತ್ತು, ಊರು ಖಾಲಿಯಾಗಲಿಲ್ಲ. ಗುಳೆ ಹೋದವರು ಮಾತ್ರ ಮತ್ತೆ ಕೂಲಿಯವರೇ.