ಮೂಗಿನ ನಳಿಗೆಯಲ್ಲಿ ಬಿಟ್ಟ ಔಷಧಿ ಮೈಗೆ ಹತ್ತುತ್ತಾ?

ನಮ್ಮ ಶ್ರೀರಾಂಪುರ ಕಡೆಯವರು ಯಾರಾದರೂ ಫ್ಲೂ ಜ್ವರ ಜಾಸ್ತಿಯಾಗಿ ದೊಡ್ಡಾಸ್ಪತ್ರೆ ಐಸಿಯು ಸೇರಿದರೆ, ಹೊರಗೆ ಕಾಯುವ ಮನೆಯವರದು ಒಂದೇ ಪ್ರಶ್ನೆ: "ಗುಟುಕು ನೀರೂ ಇಳೀತಿಲ್ಲ, ನಳಿಗೇಲಿ ಬಿಟ್ಟ ಮಾತ್ರೆ ಮೈಗೆ ಹತ್ತುತ್ತಾ ಸಾರ್?" 2009ರಲ್ಲಿ ಜಗತ್ತಿನ ಡಾಕ್ಟರುಗಳಿಗೂ ಇದೇ ಅನುಮಾನ ಇತ್ತು.

1918ರಲ್ಲಿ ಈ ಪ್ರಶ್ನೆ ಕೇಳುವ ಹಾಗೂ ಇರಲಿಲ್ಲ. ಬೊಂಬಾಯಿ ಕಡೆಯಿಂದ ಹರಡಿದ ಇನ್‌ಫ್ಲುಯೆಂಜಾ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಚಿತ್ರದುರ್ಗ ಆಗ ಸೇರಿದ್ದ ಮೈಸೂರು ಸಂಸ್ಥಾನವೂ ನಲುಗಿತು. ವೈರಸ್ಸಿಗೆ ಔಷಧಿಯೇ ಇರಲಿಲ್ಲ.

ಒಸೆಲ್ಟಾಮಿವಿರ್, ಅಂದರೆ ಟಾಮಿಫ್ಲೂ, ಬಳಕೆಗೆ ಬಂದದ್ದು 1999ರಲ್ಲಿ. ಪಲಾವಿಗೆ ಹಾಕುವ ಚಕ್ರಮೊಗ್ಗಿನಿಂದ ತೆಗೆದ ಆಮ್ಲ ಅದರ ಮೂಲವಸ್ತು. ಹಾಗಂತ ಚಕ್ರಮೊಗ್ಗಿನ ಕಷಾಯ ಕುಡಿದರೆ ಫ್ಲೂ ಹೋಗಲ್ಲ. ಮಾತ್ರೆಯನ್ನು ಕರುಳು ಹೀರಬೇಕು, ಲಿವರ್ ಅದನ್ನು ಕೆಲಸ ಮಾಡುವ ರೂಪಕ್ಕೆ ತಿರುಗಿಸಬೇಕು, ಕೊನೆಗೆ ಕಿಡ್ನಿ ಹೊರಹಾಕಬೇಕು.

2009ರ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಎಚ್1ಎನ್1 ಅನ್ನು ಮಹಾಮಾರಿ ಎಂದು ಘೋಷಿಸಿತು. ಆಗಸ್ಟ್ 3ರಂದು ಪುಣೆಯಲ್ಲಿ ದೇಶದ ಮೊದಲ ಸಾವು. ಅದೇ ತಿಂಗಳು ಬೆಂಗಳೂರಿನಲ್ಲೂ ಸಾವಾಯಿತು. ವೆಂಟಿಲೇಟರಿನಲ್ಲಿ ಇರುವವರ ಬಿಪಿ ಇಳಿದರೆ ಕರುಳಿಗೆ ರಕ್ತ ಸಾಲದು. ಹಾಗಿದ್ದಾಗ ಕ್ಯಾಪ್ಸೂಲ್ ಬಿಚ್ಚಿ, ಪುಡಿ ಕಲಸಿ ನಳಿಗೆಯಲ್ಲಿ ಬಿಟ್ಟರೆ ಪ್ರಯೋಜನ ಉಂಟೇ?

ಕೆನಡಾ, ಸ್ಪೇನ್ ಐಸಿಯುಗಳ 41 ರೋಗಿಗಳ ರಕ್ತ ಪರೀಕ್ಷಿಸಿ ನೋಡಿದರು. 2010ರಲ್ಲಿ ಉತ್ತರ ಪ್ರಕಟವಾಯಿತು: ದಿನಕ್ಕೆ ಎರಡು ಸಲ 75 ಮಿಲಿಗ್ರಾಂ ಕೊಟ್ಟರೂ, ಓಡಾಡಿಕೊಂಡಿರುವ ರೋಗಿಗಳಷ್ಟೇ ಔಷಧಿ ಇವರ ರಕ್ತಕ್ಕೂ ಸೇರುತ್ತಿತ್ತು. ಡೋಸ್ ಇಮ್ಮಡಿ ಮಾಡಿದರೆ ಹೆಚ್ಚು ಅನುಕೂಲ ಇಲ್ಲ ಎಂದು 2013ರಲ್ಲಿ ಆಗ್ನೇಯ ಏಷ್ಯಾದ ಆಸ್ಪತ್ರೆಗಳ ಅಧ್ಯಯನವೂ ತೋರಿಸಿತು. ಕರುಳು ಪೂರ್ತಿ ಕೈಕೊಟ್ಟವರ, ಕಿಡ್ನಿ ಸೋತವರ ಲೆಕ್ಕ ಬೇರೆ. ಅದನ್ನು ಡಾಕ್ಟರೇ ತೀರ್ಮಾನಿಸಬೇಕು.

ಆದ್ದರಿಂದ ಮನೆಯವರ ಪ್ರಶ್ನೆಗೆ ಉತ್ತರ: ಹೌದು, ಸಾಮಾನ್ಯವಾಗಿ ಹತ್ತುತ್ತದೆ. ಆದರೆ ರಕ್ತಕ್ಕೆ ಸೇರುವುದು ಬೇರೆ, ಜೀವ ಉಳಿಯುವುದು ಬೇರೆ. ಈ ಔಷಧಿ ವೈರಸ್ ಹರಡುವುದನ್ನು ತಡೆಯುತ್ತದೆ. ಆಗಲೇ ಕೆಟ್ಟ ಶ್ವಾಸಕೋಶವನ್ನು ರಿಪೇರಿ ಮಾಡುವುದಿಲ್ಲ. ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಗುಣ ಹೆಚ್ಚು.

ಗರ್ಭಿಣಿಯರು, ವಯಸ್ಸಾದವರು, ಉಬ್ಬಸ, ಸಕ್ಕರೆ ಕಾಯಿಲೆ ಇರುವವರಿಗೆ ಜ್ವರ, ಕೆಮ್ಮು ಬಂದರೆ "ನಾಳೆ ನೋಡೋಣ" ಅನ್ನಬೇಡಿ. ಉಸಿರು ಕಟ್ಟಿದರಂತೂ ಯಾರೇ ಆಗಲಿ, ತಕ್ಷಣ ಹೊರಡಿಸಿ. ಔಷಧಿ ಮೈಗೆ ಹತ್ತುವಷ್ಟರಲ್ಲಿ ತಡ ಆಗುವುದಿಲ್ಲ. ತಡ ಆಗುವುದು ನಾವು ಮನೆ ಬಿಡುವುದರಲ್ಲಿ.